ಉಪ್ಪಾಗೆ: ಬೀಜದ ಸಸಿ ಬೇಡ, ಕಸಿ ಗಿಡ ಹಾಕಿ

ಅಡಿಕೆ ತೋಟದ ಅಂಚಿನಲ್ಲಿ ಹುಳಿಹಣ್ಣಿನ ಕಾಡುಮರ ಉಪ್ಪಾಗೆ ಬೆಳೆಸಬಹುದೇ, ಕಾಡಿನಿಂದ ಬೀಜ ತಂದು ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಧಾರಾಳವಾಗಿ ಬೆಳೆಸಿ. ಬೀಜದ ಸಸಿ ಮಾತ್ರ ಬೇಡ.

ಉಪ್ಪಾಗೆಯಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಹೂ ಬಿಡುವ ತನಕ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಬೀಜ ಮೊಳೆಯಲಿಕ್ಕೇ ಐದಾರು ತಿಂಗಳು ಬೇಕು. ನಾನು ಬೆಟ್ಟದ ಬೀಜದಿಂದ ಹತ್ತು ಗಿಡ ಎಬ್ಬಿಸಿ, ಒಂಬತ್ತನೇ ವರ್ಷ ಹೂ ಕಂಡೆ. ಹೆಣ್ಣು ಹೂವಿನ ನಡುವೆ ಹಸಿರು ಮಣಿಯಂಥ ಪುಟ್ಟ ಕಾಯಿ ಇರುತ್ತದೆ, ಗಂಡಿನಲ್ಲಿ ಬರೀ ಕೇಸರ. ಆರು ಗಿಡಗಳಲ್ಲಿ ಎಷ್ಟು ಹುಡುಕಿದರೂ ಆ ಮಣಿ ಸಿಗಲಿಲ್ಲ.

ಚೆನ್ನಾಗಿ ಹಣ್ಣು ಬಿಡುವ ಹೆಣ್ಣು ಮರದ ಕಡ್ಡಿ ಕಟ್ಟಿದ ಕಸಿ ಗಿಡ 3–4 ವರ್ಷಕ್ಕೇ ಫಲಕ್ಕೆ ಬರುತ್ತದೆ. ಕೊಳ್ಳುವಾಗ ಕಡ್ಡಿ ಎಲ್ಲಿಯದೆಂದು ಕೇಳಿ. ನೆಟ್ಟಗೆ ಮೇಲೇಳುವ ಚಿಗುರಿನದಾದರೆ ಗಿಡ ಮರವಾಗುತ್ತದೆ, ಅಡ್ಡ ಕೊಂಬೆಯದಾದರೆ ಪೊದೆಯಂತೆ ಹರಡುತ್ತದೆ. ಮಳೆ ಹಿಡಿದ ಮೇಲೆ ಸುಮಾರು 7 ಮೀಟರ್ ಅಂತರದಲ್ಲಿ ನೆಡಿ. ಮೊದಲ ಎರಡು ಬೇಸಿಗೆ ನೆರಳು, ನೀರು ತಪ್ಪಿಸಬೇಡಿ. ಹತ್ತಿರ ಕಾಡಿಲ್ಲದಿದ್ದರೆ ಪರಾಗಕ್ಕೆ ಒಂದೆರಡು ಗಂಡು ಗಿಡವೂ ಇರಲಿ.

ಹಣ್ಣು ಮುರುಗಲಿನ (ಕೋಕಂ) ಹಾಗೆ ಕೆಂಪಲ್ಲ, ಹಳದಿ. ಪುಟ್ಟ ಕುಂಬಳದಂತೆ ಮೈಯೆಲ್ಲ ಗೀರು. ಕೇರಳದವರು ಮೀನಿನ ಸಾರಿಗೆ ಹಾಕುವ ಕುಡಂಪುಳಿ ಇದರ ಒಣಸಿಪ್ಪೆಯೇ. ಕೊಡಗಿನ ಕಾಚಂಪುಳಿ ಇದರ ರಸ ಕಾಯಿಸಿದ್ದು. 1990ರ ದಶಕದಲ್ಲಿ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂದು ಹೊರದೇಶಗಳಿಂದ ಬೇಡಿಕೆ ಬಂತು. ಆಸೆಗೆ ಬಿದ್ದವರು ಹಣ್ಣಾಗುವ ಮೊದಲೇ ಕೊಂಬೆ ಸಮೇತ ಕಡಿದರು. ಕಾಡಿನ ಮರಗಳಿಗೆ ಆದ ಆ ಗಾಯ ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಆ ಆಮ್ಲದ ಬೊಜ್ಜು ಕರಗಿಸುವ ಮಾತ್ರೆಗಳೆಂದು ಮಾರುವವುಗಳಿಂದ ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ಅಡುಗೆಯ ಹುಳಿಯಾಗಿ ಬಳಸಿ, ಅಷ್ಟು ಸಾಕು.

ಹಣ್ಣು ಬರುವುದು ಜೋರು ಮಳೆಯಲ್ಲಿ. ಬಿಸಿಲಿಲ್ಲದೆ ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಸುತ್ತಾರೆ. ನಾನು ಉದುರಿದ ಹಣ್ಣನ್ನಷ್ಟೇ ಆರಿಸಿ, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಹರವುತ್ತೇನೆ. ಸ್ನಾನದ ನೀರಿಗೆ ಹೇಗೂ ಬೆಂಕಿ ಇರುತ್ತದೆ. ಸಿಪ್ಪೆ ಕಪ್ಪಾಗಿ, ತೊಗಲಿನಂತೆ ಬಾಗಿದರೆ ಡಬ್ಬಿಗೆ ತುಂಬಬಹುದು.

ಬೀಜ ಎಸೆಯಬೇಡಿ. ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಆರಿದ ಮೇಲೆ ಗಟ್ಟಿಯಾಗುವ ಅದೇ ಉಪ್ಪಾಗೆ ತುಪ್ಪ. ಕಾವಲಿಗೆ ಸವರಿ ದೋಸೆ ಹೊಯ್ದು ನೋಡಿ.