ತಿಳಿನೀರೆಲ್ಲ ಒಳ್ಳೆಯ ನೀರಲ್ಲ

ಮೀನಿನ ತೊಟ್ಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊಸ ತೊಟ್ಟಿಯಲ್ಲಿ ಮೀನು ಸಾಯುವ ಸಂಕಟದವು. ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: 60 ಲೀಟರಿನ ಹೊಸ ಟ್ಯಾಂಕಿಗೆ ನೀರು ತುಂಬಿಸಿ, ಒಂದು ದಿನ ಬಿಟ್ಟು 12 ಮೀನು ಬಿಟ್ಟೆವು. ಐದನೇ ದಿನದಿಂದ ಒಂದೊಂದಾಗಿ ಸಾಯುತ್ತಿವೆ. ಈಗ ಉಳಿದಿರುವುದು ಐದೇ. ಮೈಮೇಲೆ ಗಾಯವಿಲ್ಲ, ನೀರು ಕನ್ನಡಿಯ ಹಾಗಿದೆ. ಒಂದು ಸತ್ತಾಗಲೆಲ್ಲ ನೀರನ್ನು ಪೂರ್ತಿ ಚೆಲ್ಲಿ, ಕಲ್ಲು, ಸ್ಪಂಜು ಎಲ್ಲವನ್ನೂ ನಲ್ಲಿಯಡಿ ತಿಕ್ಕಿ ತೊಳೆಯುತ್ತೇವೆ. ಇನ್ನೇನು ಮಾಡಬೇಕು?

ಉತ್ತರ: ಮೊದಲು ಆ ತೊಳೆಯುವುದನ್ನು ನಿಲ್ಲಿಸಿ. ಉಳಿದ ಐದನ್ನು ಉಳಿಸಿಕೊಳ್ಳುವ ದಾರಿ ಇದೆ, ಹೇಳುತ್ತೇನೆ. ಆದರೆ ಏಳು ಯಾಕೆ ಸತ್ತವು ಎಂದು ತಿಳಿಯದಿದ್ದರೆ ಮುಂದೆ ತರುವ ಮೀನಿಗೂ ಅದೇ ಗತಿ.

ಮೀನು ತನ್ನ ಕಿವಿರಿನಿಂದ ಹಗಲೂ ರಾತ್ರಿ ಅಮೋನಿಯಾ ಬಿಡುತ್ತಿರುತ್ತದೆ. ತಿನ್ನದೆ ಉಳಿದ ಆಹಾರ, ಹಿಕ್ಕೆ, ಕೊಳೆತ ಎಲೆ ಇವೆಲ್ಲವೂ ಕೊನೆಗೆ ಅಮೋನಿಯಾವನ್ನೇ ಕೊಡುತ್ತವೆ. ಅದಕ್ಕೆ ಬಣ್ಣವಿಲ್ಲ. ಮೀನನ್ನು ಕೊಲ್ಲುವಷ್ಟು ಇದ್ದರೂ ನೀರು ಕನ್ನಡಿಯ ಹಾಗೇ ಕಾಣುತ್ತದೆ. ಹಳೆಯ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನೆರಡೂ ವಿಷವೇ. ನೈಟ್ರೈಟ್ ಸೇರಿದ ರಕ್ತ ಆಮ್ಲಜನಕ ಹೊರಲಾರದೆ ಕಂದು ಬಣ್ಣಕ್ಕೆ ತಿರುಗುತ್ತದೆ. ಏರ್ ಪಂಪ್ ಎಷ್ಟೇ ಗುಳ್ಳೆ ಬಿಡುತ್ತಿದ್ದರೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಮೂರನೆಯದಾದ ನೈಟ್ರೇಟ್ ಸ್ವಲ್ಪ ಇದ್ದರೆ ಕೆಡುಕಿಲ್ಲ. ಗಿಡಗಳು ಹೀರುತ್ತವೆ, ಮಿಕ್ಕಿದ್ದು ವಾರಕ್ಕೊಮ್ಮೆ ನೀರು ಬದಲಿಸುವಾಗ ಹೋಗುತ್ತದೆ.

ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡಿರುವುದು ಕಡಿಮೆ. ಸ್ಪಂಜಿನ ತೂತುಗಳಲ್ಲಿ, ಕಲ್ಲಿನ ಮೈಮೇಲೆ ತೆಳ್ಳಗೆ ಲೋಳೆಯಾಗಿ ಅಂಟಿಕೊಂಡಿರುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನೀವು ಕೊಟ್ಟದ್ದು ಒಂದು ದಿನ. ಆಮೇಲೆ ಹುಟ್ಟಿದ ಅಷ್ಟಿಷ್ಟನ್ನೂ ನಲ್ಲಿಯಡಿ ಹಿಡಿದು ತೊಳೆದಿರಿ. ನಲ್ಲಿ ನೀರಿಗೆ ಕ್ಲೋರಿನ್ ಹಾಕುವುದೇ ಬ್ಯಾಕ್ಟೀರಿಯಾ ಸಾಯಲಿ ಎಂದು.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನನ್ನ ಮೊದಲ ತೊಟ್ಟಿ ಎಂಟು ತಿಂಗಳು ಚೆನ್ನಾಗಿ ನಡೆದಿತ್ತು. ನೆಂಟರು ಬರುವ ಹಿಂದಿನ ದಿನ ಫಿಲ್ಟರಿನ ಸ್ಪಂಜನ್ನು ತೆಗೆದು, ಕಂದು ಕೆಸರೆಲ್ಲ ಹೋಗಿ ಅದು ತಂದ ದಿನದ ನೀಲಿ ಬಣ್ಣಕ್ಕೆ ಬರುವ ತನಕ ನಲ್ಲಿಯಡಿ ಹಿಂಡಿದೆ. ನಾನು ತೊಟ್ಟಿಯನ್ನು ಅಷ್ಟು ಚೊಕ್ಕಟವಾಗಿ ಕಂಡದ್ದೇ ಇಲ್ಲ. ಮೂರನೇ ಬೆಳಿಗ್ಗೆ ಪ್ಲಾಟಿ ಮೀನುಗಳ ಕಿವಿರು ನೋಡಿದೆ. ಮುಚ್ಚಳ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ, ಒಳಗಿನ ಕೆಂಪು ಕಾಣುವ ಹಾಗೆ ತೆರೆದುಕೊಂಡೇ ಪಟಪಟ ಬಡಿದುಕೊಳ್ಳುತ್ತಿತ್ತು. ಸಂಜೆಯೊಳಗೆ ನಾಲ್ಕು ಹೋದವು. ಆ ಕಂದು ಕೆಸರೇ ಅವುಗಳ ಜೀವ ಕಾಯುತ್ತಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಅಂದಿನಿಂದ ತೊಟ್ಟಿಯ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಾರೀಖು, ನೀರಿನ ಬಿಸಿ, ನೀರು ಪರೀಕ್ಷಿಸುವ ಟೆಸ್ಟ್ ಕಿಟ್ಟಿನ ಮೂರು ಅಂಕಿ (ಅಮೋನಿಯಾ, ನೈಟ್ರೈಟ್, ನೈಟ್ರೇಟ್), ಎಷ್ಟು ಬಕೆಟ್ ನೀರು ಬದಲಿಸಿದೆ, ಇಷ್ಟನ್ನೂ ಬರೆಯುತ್ತೇನೆ. ಕಣ್ಣನ್ನು ನಂಬಿ ನಾಲ್ಕು ಮೀನು ಕಳೆದುಕೊಂಡ ಮೇಲೆ ಕಣ್ಣೊಂದನ್ನೇ ನಂಬುವುದು ಬಿಟ್ಟೆ.

ಈಗ ನಿಮ್ಮ ಐದು ಮೀನಿನ ವಿಷಯ. ಎರಡು ದಿನ ಏನೂ ಹಾಕಬೇಡಿ, ಗಟ್ಟಿಮುಟ್ಟಾದ ಮೀನು ಎರಡು ದಿನದ ಉಪವಾಸಕ್ಕೆ ಸಾಯುವುದಿಲ್ಲ. ಆಮೇಲೆ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಅಮೋನಿಯಾ, ನೈಟ್ರೈಟ್ ಎರಡನ್ನೂ ದಿನಾ ಅಳೆಯಿರಿ. ಎರಡರಲ್ಲಿ ಯಾವುದು ಕಾಣಿಸಿಕೊಂಡರೂ ಮೂರನೇ ಒಂದು ಪಾಲು ನೀರು ತೆಗೆದು, ಕ್ಲೋರಿನ್ ತೆಗೆಯುವ ಔಷಧಿ ಹಾಕಿದ, ಅಷ್ಟೇ ಬಿಸಿಯಿರುವ ನೀರು ತುಂಬಿ. ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ಎನ್ನುವುದು ನಿಜ. ಆದರೆ ನಿಮ್ಮ ನೀರಿಗೆ ಹಾಕುವುದು ಕ್ಲೋರಮೈನ್, ಅಂದರೆ ಕ್ಲೋರಿನ್ ಮತ್ತು ಅಮೋನಿಯಾ ಕೂಡಿದ ವಸ್ತು, ಆಗಿದ್ದರೆ ಅದು ಹಾಗೆ ಹೋಗುವುದಿಲ್ಲ. ಹಾಗಾಗಿ ಔಷಧಿ ಹಾಕುವುದೇ ಕ್ಷೇಮ. ನಿಮ್ಮ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಕೂಡ ನೋಡಿಕೊಳ್ಳಿ. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಹೆಚ್ಚು ವಿಷದ ರೂಪ ಶೇ 1ಕ್ಕಿಂತ ಕಡಿಮೆ, 8 ಇದ್ದರೆ ಶೇ 5ರಷ್ಟಾಗುತ್ತದೆ. ಅಂದರೆ ಕಿಟ್ಟಿನಲ್ಲಿ ಅದೇ ಬಣ್ಣ ಬಂದರೂ ಅಪಾಯ ಹತ್ತು ಪಟ್ಟಿಗೆ ಹತ್ತಿರ.

ಪರಿಚಯದವರ ಮನೆಯಲ್ಲಿ ರೋಗವಿಲ್ಲದ ಹಳೆಯ ತೊಟ್ಟಿ ಇದ್ದರೆ ಅದರ ಫಿಲ್ಟರಿನ ಕೊಳೆ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಒದ್ದೆಯಾಗಿಯೇ, ತೊಟ್ಟಿಯ ನೀರಿನಲ್ಲೇ ಇಟ್ಟು ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಇದಕ್ಕಿಂತ ಒಳ್ಳೆಯ ಉಡುಗೊರೆಯನ್ನು ಯಾರೂ ನಿಮಗೆ ಕೊಡಲಾರರು.

ಪ್ರಶ್ನೆ: ಹಾಗಾದರೆ ಸ್ಪಂಜನ್ನು ತೊಳೆಯುವುದೇ ಬೇಡವೆ? ನೀರು ಹೋಗುವುದೇ ನಿಂತಿದೆ.

ಉತ್ತರ: ತೊಳೆಯಬೇಕು. ವಾರದ ನೀರು ಬದಲಿಸುವಾಗ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಎರಡು ಮೂರು ಸಲ ಹಿಂಡಿ. ಬಕೆಟ್ ಕಂದಾಗುತ್ತದೆ, ಸ್ಪಂಜೂ ಕಂದಾಗಿಯೇ ಉಳಿಯುತ್ತದೆ, ಉಳಿಯಲಿ. ನೀರು ಸರಾಗವಾಗಿ ಹರಿದರೆ ಸಾಕು. ಎರಡು ಸ್ಪಂಜು ಇದ್ದರೆ ಒಂದು ವಾರ ಒಂದು, ಇನ್ನೊಂದು ವಾರ ಇನ್ನೊಂದು. ಕರೆಂಟು ಬಹಳ ಹೊತ್ತು ಹೋದರೂ ಜಾಗ್ರತೆ. ನೀರು ಹರಿಯದೆ ನಿಂತ ಮುಚ್ಚಿದ ಫಿಲ್ಟರಿನೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ. ಸ್ಪಂಜನ್ನು ಹೊರತೆಗೆದು ತೊಟ್ಟಿಯ ನೀರಿನಲ್ಲೇ ತೇಲಲು ಬಿಡಿ.

ಪ್ರಶ್ನೆ: ನಿಯಾನ್ ಟೆಟ್ರಾಗಳ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದಿತ್ತು. ಔಷಧಿ ಹಾಕಿದೆ, ನಾಲ್ಕು ದಿನದಲ್ಲಿ ಮಾಯವಾಯಿತು, ನಿಲ್ಲಿಸಿದೆ. ವಾರದೊಳಗೆ ಮೊದಲಿಗಿಂತ ಹೆಚ್ಚಾಗಿ ಬಂದಿದೆ. ಔಷಧಿ ನಕಲಿಯೇ?

ಉತ್ತರ: ಔಷಧಿಯ ತಪ್ಪಿರಲಾರದು, ಬೇಗ ನಿಲ್ಲಿಸಿದಿರಿ. ಅದು ಇಕ್ ಎಂಬ ಪರೋಪಜೀವಿ. ನಿಮಗೆ ಕಾಣುವ ಒಂದೊಂದು ಚುಕ್ಕೆಯೂ ಮೀನಿನ ಚರ್ಮದ ಪದರದಡಿ ಕುಳಿತು ತಿನ್ನುತ್ತಿರುವ ಒಂದು ಜೀವಿ. ಅಲ್ಲಿದ್ದಾಗ ಔಷಧಿ ಅದನ್ನು ಮುಟ್ಟುವುದಿಲ್ಲ. ಬೆಳೆದ ಮೇಲೆ ಅದು ತಾನಾಗಿ ಉದುರಿ, ತಳದ ಕಲ್ಲಿಗೋ ಎಲೆಗೋ ಅಂಟಿ, ಗೂಡು ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಮೀನು ಹುಡುಕಿಕೊಂಡು ಈಜುವ ಒಂದೆರಡು ದಿನದಲ್ಲಿ ಮಾತ್ರ ಔಷಧಿ ಅವನ್ನು ಕೊಲ್ಲಬಲ್ಲದು. ಚುಕ್ಕೆ ಮಾಯವಾದ ದಿನ ನೀವು ಸಂತೋಷಪಟ್ಟಿರಿ. ಶತ್ರು ಅಂದು ಕಲ್ಲಿನಡಿ ಸಂಸಾರ ಬೆಳೆಸುತ್ತಿತ್ತು.

ಬಿಸಿ ಹೆಚ್ಚಿದಷ್ಟೂ ಈ ಚಕ್ರ ಬೇಗ ತಿರುಗುತ್ತದೆ, ಔಷಧಿಯ ಕೈಗೆ ಬೇಗ ಸಿಗುತ್ತದೆ. ದಿನಕ್ಕೆ ಒಂದೆರಡು ಡಿಗ್ರಿಯಂತೆ 28ರವರೆಗೆ ಏರಿಸಿ, ಗಾಳಿಯನ್ನೂ ಹೆಚ್ಚಿಸಿ, ಯಾಕೆಂದರೆ ಬಿಸಿ ನೀರು ಆಮ್ಲಜನಕ ಹಿಡಿದಿಟ್ಟುಕೊಳ್ಳುವುದು ಕಡಿಮೆ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ, ಅದು ಔಷಧಿಯನ್ನೇ ಹೀರಿಬಿಡುತ್ತದೆ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಔಷಧಿ ಮುಂದುವರಿಸಿ. ಬಾಟಲಿಯ ಮೇಲೆ ಟೆಟ್ರಾಗಳಿಗೆ ಪ್ರಮಾಣ ಇಳಿಸಲು ಬರೆದಿದ್ದರೆ ಹಾಗೇ ಮಾಡಿ. ಇನ್ನು ಮುಂದೆ ಹೊಸ ಮೀನು ಬಂದರೆ ಎರಡರಿಂದ ನಾಲ್ಕು ವಾರ ಬೇರೆ ಸಣ್ಣ ತೊಟ್ಟಿಯಲ್ಲಿ ಇರಲಿ. ಈ ಮಾತನ್ನು ಕೇಳಿದವರು ಕಡಿಮೆ, ಕೇಳದೆ ಪತ್ರ ಬರೆದವರೇ ಹೆಚ್ಚು.

ಪ್ರಶ್ನೆ: ಹತ್ತು ನಿಯಾನ್ ಟೆಟ್ರಾ, ಎರಡು ಏಂಜಲ್ ಮೀನು ಒಟ್ಟಿಗೆ ಆರು ತಿಂಗಳು ಚೆನ್ನಾಗಿದ್ದವು. ಈಗ ಟೆಟ್ರಾ ನಾಲ್ಕೇ ಇವೆ. ಸತ್ತ ಮೀನು ಎಲ್ಲೂ ಸಿಗಲಿಲ್ಲ.

ಉತ್ತರ: ಏಂಜಲ್ ನುಂಗಿದೆ. ತರುವಾಗ ಅದು ನಾಣ್ಯದಷ್ಟಿರುತ್ತದೆ, ಬೆಳೆದರೆ ಮೈ 15 ಸೆಂಟಿಮೀಟರ್ ಮುಟ್ಟುತ್ತದೆ. ಬಾಯಿಗೆ ಹಿಡಿಸುವ ಮೀನು ಅದಕ್ಕೆ ಊಟವೇ. ಉಳಿದ ನಾಲ್ಕನ್ನು ಇಂದೇ ಬೇರೆ ಮಾಡಿ. ಟೆಟ್ರಾಗಳು ಆರಕ್ಕಿಂತ ಕಡಿಮೆ ಇದ್ದರೆ ಹೆದರಿ ಮೂಲೆ ಹಿಡಿಯುತ್ತವೆ, ಆಮೇಲೆ ಇನ್ನಷ್ಟು ಟೆಟ್ರಾಗಳನ್ನು ಜೊತೆಗೆ ಸೇರಿಸಿ.

ಪ್ರಶ್ನೆ: ಒಂಟಿ ಹೆಣ್ಣು ಗಪ್ಪಿ ಮೂರನೇ ಸಲ ಮರಿ ಹಾಕಿದೆ. ಗಂಡು ಮೀನು ತೊಟ್ಟಿಯಲ್ಲೇ ಇಲ್ಲ!

ಉತ್ತರ: ಆಶ್ಚರ್ಯಪಡಬೇಡಿ. ಹೆಣ್ಣು ಗಪ್ಪಿ ಒಮ್ಮೆ ಕೂಡಿದ ಮೇಲೆ ಗಂಡಿನ ವೀರ್ಯವನ್ನು ಹಲವು ತಿಂಗಳು ಒಡಲಲ್ಲಿ ಇಟ್ಟುಕೊಂಡು, ಹೆಚ್ಚು ಕಡಿಮೆ ತಿಂಗಳಿಗೊಮ್ಮೆ ಮರಿ ಹಾಕಬಲ್ಲದು. ಮರಿಗಳಿಗೆ ಅಡಗಲು ದಟ್ಟ ಗಿಡ ಕೊಡಿ, ಇಲ್ಲವಾದರೆ ತಾಯಿಯೇ ತಿನ್ನುತ್ತದೆ. ಅಂದ ಹಾಗೆ, ಗಪ್ಪಿ ಎನ್ನುವುದು ಒಬ್ಬ ಮನುಷ್ಯನ ಹೆಸರು. 1866ರಲ್ಲಿ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿ ಎಂಬಾತ ಟ್ರಿನಿಡಾಡ್‌ನಿಂದ ಈ ಮೀನನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಳಿಸಿದ. ಅದಕ್ಕೆ ಏಳು ವರ್ಷ ಮುಂಚೆಯೇ ಬೇರೊಬ್ಬ ವಿಜ್ಞಾನಿ ಇದನ್ನು ವಿವರಿಸಿ ಹೆಸರಿಟ್ಟಾಗಿತ್ತು. ಆದರೂ ಜನರ ಬಾಯಲ್ಲಿ ಉಳಿದದ್ದು ಗಪ್ಪಿಯೇ.

ಪ್ರಶ್ನೆ: ಗಾಜಿಗೆಲ್ಲ ಹಸಿರು ಪಾಚಿ. ಕಿಟಕಿಯ ಪಕ್ಕ ಇಟ್ಟಿದ್ದೇವೆ, ರಾತ್ರಿಯೂ ಲೈಟು ಉರಿಯುತ್ತದೆ, ನೋಡಲು ಚೆಂದ ಎಂದು.

ಉತ್ತರ: ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕಿಟಕಿಯಿಂದ ದೂರ ಸರಿಸಿ, ಲೈಟು ದಿನಕ್ಕೆ ಎಂಟು ಗಂಟೆ ಸಾಕು. ಸರಿಸುವ ಮುಂಚೆ ನೀರು ತೆಗೆಯಿರಿ. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ತೊಟ್ಟಿಯಲ್ಲಿ ನೀರೇ ಸುಮಾರು 65 ಕಿಲೋ ತೂಗುತ್ತದೆ. ತುಂಬಿದ್ದನ್ನು ಎತ್ತಿದರೆ ಗಾಜಿನ ಅಂಟು ಬಿಡುತ್ತದೆ.

ನಾಲ್ಕೈದು ಗಿಡ ನೆಡಿ, ಪಾಚಿಯ ಊಟವನ್ನು ಅವು ತಿನ್ನುತ್ತವೆ. 1850ರ ಹೊತ್ತಿಗೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಗೋಲ್ಡ್ ಫಿಶ್ ಜೊತೆ ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟ. ಹಳೆಯ ಎಲೆಗಳು ಕೊಳೆತು ನೀರು ಕೆಡತೊಡಗಿದಾಗ ಬಸವನಹುಳು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ತೊಟ್ಟಿ ಸರಿಹೋಯಿತು. ಬಸವನಹುಳು ಕಂಡರೆ ಹೌಹಾರುವವರಿಗೆ ನಾನು ಈ ಕಥೆಯನ್ನು ಹೇಳುತ್ತೇನೆ.

ಪ್ರಶ್ನೆ: ಪಾಚಿ ತಿನ್ನಲೆಂದು ತಂದ ಸಕ್ಕರ್ ಮೀನು ಒಂದಡಿ ದಾಟಿದೆ. ಹತ್ತಿರದ ಕೆರೆಗೆ ಬಿಟ್ಟರೆ ಪುಣ್ಯ ಬರುತ್ತದಲ್ಲವೆ?

ಉತ್ತರ: ದಯವಿಟ್ಟು ಬಿಡಬೇಡಿ. ಕೈ ಮುಗಿದು ಕೇಳುತ್ತೇನೆ. ಇದು ದಕ್ಷಿಣ ಅಮೆರಿಕದ ಮೀನು. ಆಮ್ಲಜನಕ ಕಡಿಮೆಯಾದ ನೀರಿನಲ್ಲೂ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ. ಮೈಮೇಲೆ ಮುಳ್ಳಿನ ಕವಚವಿರುವುದರಿಂದ ಬೇರೆ ಮೀನು, ಹಕ್ಕಿ ತಿನ್ನುವುದು ಕಷ್ಟ. ಮೊಟ್ಟೆಯಿಡಲು ದಡವನ್ನು ಕೊರೆದು ಬಿಲ ಮಾಡುತ್ತದೆ, ದಡ ಕುಸಿಯುತ್ತದೆ. ಹೀಗೆ ಬಿಟ್ಟ ಮೀನುಗಳಿಂದಲೇ ಹಲವು ದೇಶಗಳ ಕೆರೆ ಹೊಳೆಗಳಲ್ಲಿ ಮೀನುಗಾರರ ಬಲೆ ಹರಿದುಹೋಗುತ್ತಿವೆ. ಮಾರಿದವರಿಗೇ ವಾಪಸು ಕೊಡಿ, ಇಲ್ಲವೆ ದೊಡ್ಡ ತೊಟ್ಟಿ ಇರುವವರನ್ನು ಹುಡುಕಿ. ಒಬ್ಬರು ಒಪ್ಪಲು ನಾಲ್ಕು ತಿಂಗಳು ಹಿಡಿಯಬಹುದು, ನನ್ನದಕ್ಕೂ ಅಷ್ಟೇ ಹಿಡಿಯಿತು.

ಪ್ರಶ್ನೆ: 60 ಲೀಟರಿಗೆ ಎಷ್ಟು ವ್ಯಾಟ್ ಹೀಟರ್?

ಉತ್ತರ: ಲೀಟರಿಗೆ ಒಂದು ವ್ಯಾಟ್ ಲೆಕ್ಕ. 50 ಅಥವಾ 75ರದು ಸಾಕು. ನೀರು ಬದಲಿಸುವ ಮುಂಚೆ ಸ್ವಿಚ್ ಆರಿಸಿ ಕಾಲು ಗಂಟೆ ಬಿಡಿ, ಬಿಸಿ ಹೀಟರ್ ನೀರಿನ ಹೊರಗೆ ಬಂದರೆ ಗಾಜು ಸೀಳುತ್ತದೆ. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಂದು ಆಮೇಲೆ ಮೇಲೇರಲಿ. ಆಗ ಜಾರಿದ ಹನಿ ಪ್ಲಗ್ಗಿಗೆ ಹೋಗದೆ ನೆಲಕ್ಕೆ ಬೀಳುತ್ತದೆ.

ಪ್ರಶ್ನೆ: ನಾನು ನಾಲ್ಕನೇ ತರಗತಿ. ರಾತ್ರಿ ಎದ್ದು ಟಾರ್ಚ್ ಹಾಕಿ ನೋಡಿದರೆ ನಮ್ಮ ನಿಯಾನ್ ಮೀನುಗಳ ನೀಲಿ ಗೆರೆ ಇರಲೇ ಇಲ್ಲ. ಸಾಯುತ್ತವೆಯಾ?

ಉತ್ತರ: ಇಲ್ಲ ಮಗೂ, ಚೆನ್ನಾಗಿವೆ. ಆ ನೀಲಿ, ಬಟ್ಟೆಗೆ ಹಚ್ಚಿದಂಥ ಬಣ್ಣವಲ್ಲ. ಚರ್ಮದೊಳಗೆ ತೀರಾ ತೆಳುವಾದ ಹರಳಿನ ಹಾಳೆಗಳು ಒಂದರ ಮೇಲೊಂದು ಇವೆ, ಅವು ಬೆಳಕನ್ನು ಮರಳಿಸುವಾಗ ನೀಲಿ ಹೊಳೆಯುತ್ತದೆ. ಕತ್ತಲಲ್ಲಿ ಹಾಳೆಗಳ ನಡುವಿನ ಅಂತರ ಬದಲಾಗಿ ಗೆರೆ ಮಂಕಾಗುತ್ತದೆ. ಅವು ಮಲಗಿದ್ದವು. ಮೀನಿಗೆ ರೆಪ್ಪೆ ಇಲ್ಲವಲ್ಲ, ಕಣ್ಣು ತೆರೆದೇ ಮಲಗುತ್ತವೆ.

ಟಾರ್ಚ್ ಮಾತ್ರ ಇನ್ನು ಬೇಡ, ಗಾಬರಿಯಾಗಿ ಗಾಜಿಗೆ ಬಡಿದುಕೊಳ್ಳುತ್ತವೆ. ಬೆಳಿಗ್ಗೆ ಬೇಗ ಎದ್ದು ಮೊದಲು ಕೋಣೆಯ ದೀಪ ಹಾಕು, ತೊಟ್ಟಿಯದು ಬೇಡ. ಕುರ್ಚಿ ಎಳೆದುಕೊಂಡು ಒಂದೇ ಮೀನನ್ನು ಆರಿಸಿ ನೋಡುತ್ತಾ ಕೂರು. ಮೊದಲು ಬೂದಿ, ಆಮೇಲೆ ನೇರಳೆ ಛಾಯೆ, ಆಮೇಲೆ ನೀಲಿ ನಿಧಾನವಾಗಿ ಮೂಡುತ್ತದೆ. ನೀಲಿಯಾಗಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆದು ಕಳಿಸು, ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.