ಹಕ್ಕಿ, ಪ್ರಾಣಿಗಳ ಫೋಟೋ ಶಾರ್ಪ್ ಬರುತ್ತಿಲ್ಲ. 600 ಎಂಎಂ ಲೆನ್ಸ್ ತಗೊಂಡರೆ ಸರಿಹೋಗುತ್ತಾ?

ಬೇಡ, ಈಗಲೇ ತಗೋಬೇಡಿ. 70-300 ಎಂಎಂ ಲೆನ್ಸ್ ಇದೆ, ಹಕ್ಕಿ ಚಿಕ್ಕದಾಗಿ ಕಾಣುತ್ತೆ, ಬೆಳಗಿನ ಹೊತ್ತಿನ ಚಿತ್ರಗಳೆಲ್ಲ ಮಸುಕು, ಗ್ರೇನ್ (ಚಿತ್ರದ ಮೇಲೆ ಮರಳಿನಂಥ ಚುಕ್ಕೆ) ಬರುತ್ತೆ ಅಂತ ಐಎಸ್‌ಒ (ಕ್ಯಾಮೆರಾ ಚಿತ್ರವನ್ನು ಎಷ್ಟು ಬೆಳಗಿಸಬೇಕು ಅನ್ನೋ ಸೆಟ್ಟಿಂಗ್) 400 ದಾಟಿಸಲ್ಲ ಅಂತ ಬರೆದಿದ್ದೀರಿ. ನನ್ನದೂ ಅದೇ ಲೆನ್ಸ್, ಅದೇ ಐಎಸ್‌ಒ, ಅದೇ ಯೋಚನೆ ಆಗಿತ್ತು. ನಾನು 150-600 ತಗೊಂಡುಬಿಟ್ಟೆ.

ಹಕ್ಕಿ ದೊಡ್ಡದಾಗಿ ಕಂಡಿತು, ನಿಜ. ಮಸುಕು ಮಾತ್ರ ಹೋಗಲಿಲ್ಲ, ಇನ್ನೂ ಜಾಸ್ತಿ ಆಯಿತು. ಆಗಲೂ ನನಗೆ ಅನುಮಾನ ಬಂದದ್ದು ಲೆನ್ಸಿನ ಮೇಲೇ. ಪೀಸೇ ಸರಿ ಇಲ್ಲವೇನೋ ಅಂದುಕೊಂಡೆ.

ಆಮೇಲೆ ಒಂದು ಮುಂಜಾನೆ ನೀರುನಾಯಿಗಳು ಸಿಕ್ಕವು. ಬೆಳಕು ಆಗಷ್ಟೇ ಹರಿದಿತ್ತು. ನಾನು ಹೊಳೆ ದಡದಲ್ಲಿ ಹೊಟ್ಟೆ ಮೇಲೆ ಮಲಗಿದ್ದೆ. ತಾಯಿ ಮೀನು ಕಚ್ಚಿಕೊಂಡು ಬಂಡೆ ಹತ್ತಿತು. ಹಿಂದೆಯೇ ಮರಿಗಳು ಕೀಚಲು ದನಿಯಲ್ಲಿ ಕೂಗುತ್ತಾ ಬಂದವು. ಒಂದು ಮರಿ ಮೀನಿನ ಬಾಲ ಹಿಡಿದು ಎಳೆಯಿತು. ತಾಯಿ ತಲೆ ಕೊಡವಿದಾಗ ಮೀಸೆಯ ನೀರು ಸುತ್ತ ಸಿಡಿಯಿತು. ನಾನು ಶಟರ್ ಒತ್ತಿದ ಬೆರಳು ತೆಗೆಯಲೇ ಇಲ್ಲ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚಿತ್ರಗಳೂ ಚೆನ್ನಾಗಿ ಕಂಡವು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದೆ. ಬಂಡೆ ಮೇಲಿನ ಪಾಚಿಯ ಎಳೆ ಎಳೆಯೂ ಕಾಣುತ್ತಿತ್ತು. ತಾಯಿಯ ಮುಖ ಬರೀ ಕಂದು ಬಣ್ಣದ ಎಳೆತ. ಕಣ್ಣೇ ಇಲ್ಲ. ಒಂದು ಚಿತ್ರವೂ ಉಳಿಯಲಿಲ್ಲ. ಸೆಟ್ಟಿಂಗ್ ನೋಡಿದೆ: ಎಫ್/6.3 (ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನೋ ಅಳತೆ), ಐಎಸ್‌ಒ 400, ಶಟರ್ 1/60, ಅಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗ.

ತಪ್ಪು ಇರುವುದು ಆ 400ರಲ್ಲಿ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವೂ ಅದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೀರಿ. ಐಎಸ್‌ಒ ಒಂದು ಸಲ ದುಪ್ಪಟ್ಟು ಮಾಡಿದರೆ ಶಟರ್ ತೆರೆದಿರುವ ಹೊತ್ತನ್ನು ಅರ್ಧ ಮಾಡಬಹುದು. 400 ಇದ್ದದ್ದು 800, 1600, 3200, 6400. ನಾಲ್ಕು ಹೆಜ್ಜೆ. ಶಟರ್ 1/60 ಇದ್ದದ್ದು 1/125, 1/250, 1/500, 1/1000. ಅದೇ ಬೆಳಕಿನಲ್ಲಿ, ಅದೇ ಲೆನ್ಸಿನಲ್ಲಿ ನಾನು 1/1000 ಇಡಬಹುದಿತ್ತು. ಆ ಮೀಸೆ, ಆ ಹನಿಗಳು ಸಿಗುತ್ತಿದ್ದವು. ಗ್ರೇನ್ ಇರುತ್ತಿತ್ತು, ಇಲ್ಲ ಅನ್ನಲ್ಲ. ಆದರೆ ಗ್ರೇನನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ತಕ್ಕಮಟ್ಟಿಗೆ ತೆಗೆಯಬಹುದು. ಅಲುಗಾಡಿ ಅಳಿಸಿಹೋದ ಕಣ್ಣನ್ನು ಎಲ್ಲಿಂದ ತರುವುದು?

ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ತಿಳಿಯಿತು. ಗ್ರೇನ್ ಬರುವುದು ಮುಖ್ಯವಾಗಿ ಸೆನ್ಸರಿಗೆ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಬೆಳಕು ಕಡಿಮೆ ಬಿದ್ದದ್ದರಿಂದ, ಐಎಸ್‌ಒ ಅನ್ನೋ ಸಂಖ್ಯೆಯಿಂದ ಅಲ್ಲ. ಐಎಸ್‌ಒ 400ರಲ್ಲೇ ಇಟ್ಟು, ಶಟರ್ ವೇಗ ಜಾಸ್ತಿ ಮಾಡಿ, ಕತ್ತಲಾಗಿ ಬಂದ ಚಿತ್ರವನ್ನು ಕಂಪ್ಯೂಟರಿನಲ್ಲಿ ಎತ್ತಿ ನೋಡಿ. ಅದೇ ಗ್ರೇನ್ ಎದ್ದು ಬರುತ್ತದೆ, ಕೆಲವು ಕ್ಯಾಮೆರಾಗಳಲ್ಲಿ ಇನ್ನೂ ಜಾಸ್ತಿ. ಅಂದರೆ ನಾನು ಅಷ್ಟು ಕಾಲ ಕಾಪಾಡಿದ್ದು ಏನನ್ನೂ ಅಲ್ಲ.

ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ ಅಂತ ನೀವು ಕೇಳಬಹುದು. ನಾನೂ ಅದನ್ನೇ ನಂಬಿದ್ದೆ. ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು ಮಾತ್ರ. ನೀರುನಾಯಿ ತಲೆ ಕೊಡವುವುದನ್ನು ಅದು ಹೇಗೆ ತಡೆದೀತು? ನನ್ನ ಬಂಡೆ ಅಷ್ಟು ಶಾರ್ಪ್ ಬಂದದ್ದಕ್ಕೆ ಅದೇ ಕಾರಣ. ಉದ್ದ ಲೆನ್ಸಿನಲ್ಲಿ ತೊಂದರೆ ಜಾಸ್ತಿಯೇ ಆಗುತ್ತದೆ. ಪ್ರಾಣಿ ಎಷ್ಟು ದೊಡ್ಡದಾಗಿ ಕಾಣುತ್ತದೋ ಅದರ ಅಲುಗಾಟವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಹಾಗಾಗಿ ಇವತ್ತು ನಿಮ್ಮ ಹಾಳಾದ ಚಿತ್ರಗಳನ್ನೇ ತೆರೆದು 100% ಜೂಮ್ ಮಾಡಿ ನೋಡಿ. ಹಕ್ಕಿ ಮಸುಕು, ಕೂತ ಕೊಂಬೆ ಶಾರ್ಪ್ ಆಗಿದ್ದರೆ ಅಲುಗಾಡಿದ್ದು ಹಕ್ಕಿ. ಹಕ್ಕಿ, ಕೊಂಬೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅಲುಗಾಡಿದ್ದು ನಿಮ್ಮ ಕೈ. ಹಿಂದಿನ ಹುಲ್ಲೋ ಮುಂದಿನ ಎಲೆಯೋ ಶಾರ್ಪ್ ಆಗಿದ್ದರೆ ಫೋಕಸ್ ತಪ್ಪಿದೆ. ಬಿಸಿಲೇರಿದ ಮೇಲೆ ದೂರದಿಂದ ತೆಗೆದದ್ದು ಅಲೆ ಅಲೆಯಾಗಿ ಕಂಡರೆ ಅದು ನೆಲದಿಂದ ಏಳುವ ಬಿಸಿಗಾಳಿ. ಅದಕ್ಕಂತೂ ಯಾವ ಲೆನ್ಸೂ ಮದ್ದಲ್ಲ. ಯಾವ ಮಸುಕು ಅಂತ ಗೊತ್ತಿಲ್ಲದೆ ದುಡ್ಡು ಹಾಕುವುದು ರೋಗ ಗೊತ್ತಿಲ್ಲದೆ ಔಷಧಿ ಕುಡಿದ ಹಾಗೆ.

ಕ್ಯಾಮೆರಾವನ್ನು ಮ್ಯಾನುಯಲ್ ಮೋಡಿಗೆ ಹಾಕಿ, ಐಎಸ್‌ಒ ಆಟೋ ಬಿಡಿ. ಶಟರ್ ನಿಮ್ಮ ಕೈಯಲ್ಲಿರಲಿ. ಕೂತ ಸಣ್ಣ ಹಕ್ಕಿಗೆ 1/500, ಓಡಾಡುವ ಪ್ರಾಣಿಗೆ 1/1000, ಹಾರುವ ಹಕ್ಕಿಗೆ 1/2000 ಇಟ್ಟು ಶುರು ಮಾಡಿ. ಕಲ್ಲಿನಂತೆ ನಿಂತ ಬಕಕ್ಕೆ 1/125 ಕೂಡ ಸಾಕು. ಚಿತ್ರ ರಾ ಫಾರ್ಮ್ಯಾಟಿನಲ್ಲೇ (ಸೆನ್ಸರಿನ ಮಾಹಿತಿ ಪೂರ್ತಿ ಉಳಿಯುವ ಫೈಲ್) ತೆಗೆಯಿರಿ. ಕಪ್ಪು ಹಿನ್ನೆಲೆಯ ಬೆಳ್ಳಕ್ಕಿ ತೆಗೆಯುವಾಗ ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಅರ್ಧಕ್ಕೆ) ಇಳಿಸಿ ನೋಡಿ. ಇಲ್ಲದಿದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರು ಕಪ್ಪನ್ನು ಬೆಳಗಿಸಲು ಹೋಗಿ ಗರಿಗಳನ್ನು ಸುಟ್ಟುಬಿಡುತ್ತದೆ.

ಈಗ ಹಕ್ಕಿ ಚಿಕ್ಕದಾಗಿ ಕಾಣುತ್ತದೆ ಅನ್ನೋ ಮಾತು. ಅದಕ್ಕೂ ಮೊದಲ ಉತ್ತರ ಲೆನ್ಸ್ ಅಲ್ಲ, ಕೂರುವುದು. ಬೆನ್ನಟ್ಟಿ ಹೋದರೆ ನಿಮಗೆ ಸಿಗುವುದು ಹಕ್ಕಿಯ ಬೆನ್ನು ಮಾತ್ರ. ಮಿಂಚುಳ್ಳಿಯನ್ನೇ ನೋಡಿ. ಅದು ಮತ್ತೆ ಮತ್ತೆ ಅದೇ ಕೊಂಬೆಗೆ ಬರುತ್ತದೆ. ನೀರಿನ ಮೇಲೆ ಚಾಚಿದ ಕೊಂಬೆ ಹುಡುಕಿ. ಕೆಳಗಿನ ಎಲೆ, ಕಲ್ಲಿನ ಮೇಲೆ ಬಿಳಿ ಹಿಕ್ಕೆಯ ಕಲೆ ಇದ್ದರೆ ಅದು ದಿನಾ ಕೂರುವ ಜಾಗ. ಬೆಳಕು ಬರುವ ಮೊದಲೇ ಹೋಗಿ, ಬೆನ್ನಿಗೆ ಸೂರ್ಯ ಬರುವ ಹಾಗೆ ಮರೆಯಲ್ಲಿ ಸುಮ್ನೆ ಕೂರಿ. ಗಾಳಿಯೂ ಬೆನ್ನಿನಿಂದ ಬೀಸುತ್ತಿದ್ದರೆ ಇನ್ನೂ ಒಳ್ಳೆಯದು. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಮೇಲೇಳುತ್ತವೆ, ಇಳಿಯುತ್ತವೆ. ಮುಖ ನಿಮ್ಮ ಕಡೆಗೇ ಸಿಗುತ್ತದೆ.

ಮಿಂಚುಳ್ಳಿ ಮೀನು ಹಿಡಿದು ಬಂದರೆ ಕೊಂಬೆಗೆ ಬಡಿಯುತ್ತದೆ. ಆಗ ಶಟರ್ 1/2000 ಬೇಕು. ಬಡಿದಾದ ಮೇಲೆ ಮೀನಿನ ತಲೆಯನ್ನು ಒಳಮುಖ ಮಾಡಿಕೊಂಡು ನುಂಗುತ್ತದೆ. ತಲೆ ಹೊರಮುಖವಾಗಿ ಹಿಡಿದುಕೊಂಡೇ ಇದ್ದರೆ ಅದು ಮರಿಗೋ ಸಂಗಾತಿಗೋ ಒಯ್ಯುವ ಮೀನು. ಅಂದರೆ ಗೂಡು ಹತ್ತಿರ ಇರಬಹುದು. ಅಂಥ ಹೊತ್ತಲ್ಲಿ ಎದ್ದು ಹಿಂದೆ ಸರಿಯಿರಿ. ನೀವು ಕೂತಿರುವಷ್ಟು ಹೊತ್ತೂ ಅದು ಒಳಗೆ ಹೋಗಲು ಹೆದರುತ್ತದೆ, ಒಳಗೆ ಮರಿಗಳು ಹಸಿದಿರುತ್ತವೆ. ಗೂಡಿನ ಫೋಟೋ ತೆಗೆಯಲೇಬೇಡಿ ಅಂತ ನನ್ನ ಅಭಿಪ್ರಾಯ. ಮೊಬೈಲಿನಲ್ಲಿ ಕೂಗು ಕೇಳಿಸಿ ಕರೆಯುವುದು, ತಿಂಡಿ ಹಾಕಿ ಕರೆಯುವುದು ಕೂಡ ಬೇಡ. ದೊಡ್ಡ ಸ್ಪರ್ಧೆಗಳೂ ಇದನ್ನು ಹಗುರವಾಗಿ ತಗೊಳ್ಳಲ್ಲ. 2009ರ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಪ್ರಶಸ್ತಿ ಗೆದ್ದದ್ದು ಗೇಟು ಹಾರುವ ತೋಳದ ಚಿತ್ರ. ಅದು ಕಾಡಿನ ತೋಳವಲ್ಲ, ಪಳಗಿಸಿದ್ದಿರಬೇಕು ಅಂತ ತೀರ್ಪುಗಾರರಿಗೆ ಅನ್ನಿಸಿ 2010ರಲ್ಲಿ ಪ್ರಶಸ್ತಿ ವಾಪಸ್ ಪಡೆದರು.

ಇಷ್ಟೆಲ್ಲ ಮಾಡಿ, ಚಿತ್ರ ಶಾರ್ಪ್ ಬಂದು, ಹತ್ತಿರವೂ ಕೂತು, ಆಗಲೂ ಪ್ರಾಣಿ ಚಿಕ್ಕದು ಅನ್ನಿಸಿದರೆ 150-600 ತಗೊಳ್ಳಿ. ಮೊದಲು ಬಾಡಿಗೆಗೆ ತಂದು ನೋಡಿ. ಅದಕ್ಕೂ ಮುಂಚೆ ನಿಮ್ಮ ಹಾಳಾದ ಚಿತ್ರಗಳಲ್ಲಿ ಒಂದನ್ನು ಸೆಟ್ಟಿಂಗ್ ಸಮೇತ ಇಲ್ಲಿ ಹಾಕಿ. ಕ್ರಾಪ್ ಮಾಡಬೇಡಿ, ಇದ್ದ ಹಾಗೇ ಹಾಕಿ. ಯಾವ ಮಸುಕು ಅಂತ ನೋಡಿ ಹೇಳುತ್ತೇನೆ.