“ಯೇಸುವಿನ ಪಾಠ ಬೇಡಮ್ಮ” ಎಂದು ಮಗು ಅತ್ತಾಗ

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ. ನಮ್ಮ ಕ್ರೈಸ್ತ ನಂಬಿಕೆಯ ತಳಹದಿಯ ಮೇಲೆ, ಕೈಯಾರೆ ಮಾಡಿ ಕಲಿಯುವ ಪಾಠಗಳ ಮೂಲಕ ಅವನಿಗೆ ಮನೆಯಲ್ಲೇ ಕಲಿಸಬೇಕೆಂದು ನಾಲ್ಕು ತಿಂಗಳ ಹಿಂದೆ ಆರಂಭಿಸಿದೆ. ರಾತ್ರಿ ಬಹಳ ಹೊತ್ತು ಕೂತು ಬೈಬಲ್‌ನ ನೋಹನ ಕತೆಗೆಂದು ಕಾಗದದ ನಾವೆ, ಬಣ್ಣದ ಪ್ರಾಣಿಗಳನ್ನೆಲ್ಲ ಸಿದ್ಧಮಾಡುತ್ತೇನೆ. ಬೆಳಿಗ್ಗೆ ಅವನು ಹತ್ತು ನಿಮಿಷವೂ ಕೂರುವುದಿಲ್ಲ, ನಾನು ಗದರುತ್ತೇನೆ. ಹೋದ ವಾರ “ಯೇಸುವಿನ ಪಾಠ ಬೇಡಮ್ಮ” ಎಂದು ಅತ್ತುಬಿಟ್ಟ. ಮಗು ಹಿಂದೆ ಬೀಳುತ್ತಾನೆ, ಶಾಲೆಗೆ ಸೇರಿಸೋಣ ಎಂದು ಪತಿ ಹೇಳುತ್ತಿದ್ದಾರೆ. ನಾನು ಸೋತೆನೇ?
– ಒಬ್ಬ ತಾಯಿ

ಪ್ರಿಯ ಸಹೋದರಿ,

ನಿಮ್ಮ ಮಗ ಹೆದರಿರುವುದು ಆ ಹೊತ್ತಿಗೆ ಬದಲಾಗುವ ನಿಮ್ಮ ಮುಖಕ್ಕೆ. ಮಾತು ಕಟುವೆನಿಸಿದರೆ ಕ್ಷಮಿಸಿ. ಆದರೆ ಅದನ್ನು ನಿಮ್ಮೆದುರೇ ಹೇಳುವಷ್ಟು ಸಲಿಗೆ ಅವನಿಗೆ ಇನ್ನೂ ಇದೆ ಎಂಬುದನ್ನೂ ಗಮನಿಸಿ. ಇಂದೇ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು, ಗದರಿದ್ದು ತಪ್ಪಾಯಿತು, ಕ್ಷಮಿಸು ಎಂದು ಕೇಳಿ. ಕ್ಷಮೆಯ ಕುರಿತು ನೀವು ಮುಂದೆ ಎಷ್ಟೇ ಪಾಠ ಸಿದ್ಧಪಡಿಸಿದರೂ ಇದರಷ್ಟು ಅವನ ಮನಸ್ಸಿಗೆ ಇಳಿಯುವುದು ಕಷ್ಟ. ಇನ್ನೊಂದು ಮಾತು: ವಿಧೇಯತೆಯ ಕುರಿತ ಬೈಬಲ್ ವಾಕ್ಯಗಳನ್ನು ಗದರಿಕೆಯ ನಡುವೆ ಎಂದಿಗೂ ಬಳಸಬೇಡಿ. ಕೋಪದ ದನಿಯಲ್ಲಿ ಕೇಳಿದ ವಾಕ್ಯ ಆ ದನಿಯೊಡನೆಯೇ ನೆನಪಿನಲ್ಲಿ ಉಳಿದುಬಿಡುತ್ತದೆ.

ಇನ್ನು ಪಾಠದ ವಿಷಯ. ನಿಮ್ಮ ಪತ್ರದಲ್ಲಿ ಕೈಕೆಲಸವೆಲ್ಲ ನಿಮ್ಮದೇ. ಕತ್ತರಿಸಿದವರು, ಅಂಟಿಸಿದವರು, ಬಣ್ಣ ಹಚ್ಚಿದವರು ನೀವು. ಮಗನ ಪಾಲಿಗೆ ಉಳಿದದ್ದು ಕೂತು ನೋಡುವುದು ಮಾತ್ರ. ಇಟಲಿಯ ಸೋಫಿಯಾ ಕವಲ್ಲೆಟ್ಟಿಯವರು ಮಾಂಟೆಸ್ಸೊರಿ ಶಿಕ್ಷಕಿ ಜಾನ್ನಾ ಗೊಬ್ಬಿಯವರೊಡನೆ 1954ರಲ್ಲಿ ರೋಮ್‌ನಲ್ಲಿ ಮಕ್ಕಳಿಗೆ ಬೈಬಲ್ ಕಲಿಸಲು ತೊಡಗಿದಾಗ, ಒಳ್ಳೆಯ ಕುರುಬನ ಸಾಮ್ಯಕ್ಕೆ, ಅಂದರೆ ಯೇಸು ಹೇಳಿದ ದೃಷ್ಟಾಂತಕ್ಕೆ, ಬಳಸುತ್ತಿದ್ದುದು ಒಬ್ಬ ಕುರುಬ, ಕೆಲವು ಕುರಿಗಳು, ಒಂದು ಹಟ್ಟಿ, ಇಷ್ಟೇ. ಕತೆಯನ್ನು ಒಮ್ಮೆ ಶಾಂತವಾಗಿ ಹೇಳಿ, ಆ ಗೊಂಬೆಗಳನ್ನು ಮಗುವಿನ ಕೈಗೇ ಬಿಟ್ಟುಬಿಡುವುದು ಅವರ ಕ್ರಮ. ಮಗು ಬೇಕಾದಷ್ಟು ಸಲ ಕುರಿಗಳನ್ನು ಹೊರಗೆ ನಡೆಸಿ ಒಳಗೆ ತರುತ್ತದೆ, ತನಗೆ ತಾನೇ ಹೇಳಿಕೊಳ್ಳುತ್ತದೆ. ಅಚ್ಚಾದ ಚಿತ್ರಗಳಿಗೆ ಬಣ್ಣ ತುಂಬಿಸುವುದಕ್ಕಿಂತ ಇದು ಎಷ್ಟೋ ಮೇಲೆಂದು ನಾನು ದೃಢವಾಗಿ ನಂಬುತ್ತೇನೆ.

ನಾವೆಯನ್ನೇ ತೆಗೆದುಕೊಳ್ಳಿ. ಆದಿಕಾಂಡದ 6ನೇ ಅಧ್ಯಾಯದಲ್ಲಿ ಅದರ ಅಳತೆ ಇದೆ: 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ ಎಂದು ತೋರಿಸಿ, ಅವನ ಮೊಳದಲ್ಲಿ ಕೋಣೆಯನ್ನು ಅಳೆಯಲು ಬಿಡಿ. ಬಳಿಕ ಮರದ ತುಂಡುಗಳನ್ನು ಉದ್ದಕ್ಕೆ 30, ಅಗಲಕ್ಕೆ 5, ಎತ್ತರಕ್ಕೆ 3 ಜೋಡಿಸಿದರೆ ನಾವೆಯ ಆಕಾರ ಅವನ ಕಣ್ಣೆದುರೇ ಮೂಡುತ್ತದೆ. ಎಣಿಕೆ, ಅಳತೆ, ಕತೆ ಮೂರೂ ಒಂದೇ ಆಟದಲ್ಲಿ ನಡೆಯುತ್ತವೆ. ಲೂಕನ ಸುವಾರ್ತೆಯ 15ನೇ ಅಧ್ಯಾಯದ ತಪ್ಪಿಸಿಕೊಂಡ ಕುರಿಗೆ ನೂರು ಕಾಳುಗಳು ಸಾಕು. ಹತ್ತು ಹತ್ತರ ಗುಂಪು ಮಾಡಲು ಹೇಳಿ, ಅವನಿಗೆ ಕಾಣದಂತೆ ಒಂದನ್ನು ಬಚ್ಚಿಡಿ. ಕೊನೆಯ ಗುಂಪಿನಲ್ಲಿ ಒಂಬತ್ತೇ ಇವೆ ಎಂದು ಅವನೇ ಕಂಡುಕೊಂಡು, ಹುಡುಕಿ ತಂದಾಗ ಆಗುವ ಸಂತೋಷವೇ ಆ ಸಾಮ್ಯದ ತಿರುಳು. ನೀವು ಅರ್ಥ ಬಿಡಿಸಿ ಹೇಳಬೇಕಾದ್ದಿಲ್ಲ.

ಹತ್ತು ನಿಮಿಷಕ್ಕೆ ಅವನು ಎದ್ದರೆ ಪಾಠ ಅಲ್ಲಿಗೆ ಮುಗಿಯಲಿ. ಮನೆಯಲ್ಲಿ ಕಲಿಸುವ ಅನೇಕ ಕ್ರೈಸ್ತ ಕುಟುಂಬಗಳು ಇಂದಿಗೂ ಅನುಸರಿಸುವ ಇಂಗ್ಲಿಷ್ ಶಿಕ್ಷಣತಜ್ಞೆ ಷಾರ್ಲಟ್ ಮೇಸನ್ ಅವರು ಆರು ವರ್ಷಕ್ಕೆ ಮೊದಲು ಕ್ರಮಬದ್ಧ ಪಾಠವೇ ಬೇಡವೆಂದವರು. ಆ ಬಳಿಕವೂ ಚಿಕ್ಕ ಮಕ್ಕಳಿಗೆ ಒಂದು ಪಾಠಕ್ಕೆ 20 ನಿಮಿಷ ಮೀರಬಾರದೆಂಬುದು ಅವರ ನಿಯಮ. ಧರ್ಮೋಪದೇಶಕಾಂಡದ 6ನೇ ಅಧ್ಯಾಯವೂ ಮಕ್ಕಳಿಗೆ ಕಲಿಸುವ ಹೊತ್ತುಗಳನ್ನು ಹೆಸರಿಸುತ್ತದೆ: ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ನೀವು ಇವುಗಳಲ್ಲಿ ಒಂದನ್ನಷ್ಟೇ ಹಿಡಿದುಕೊಂಡು ಇಬ್ಬರೂ ದಣಿದಿದ್ದೀರಿ.

ನಿಮ್ಮ ಪತಿಯ ಆತಂಕವನ್ನು ನಂಬಿಕೆಯ ಕೊರತೆ ಎಂದು ತಳ್ಳಿಹಾಕಬೇಡಿ. ಫಿನ್ಲೆಂಡ್‌ನಲ್ಲಿ ಮಕ್ಕಳು ಒಂದನೇ ತರಗತಿಗೆ ಸೇರುವುದೇ ಏಳು ತುಂಬುವ ವರ್ಷದಲ್ಲಿ. ಆದ್ದರಿಂದ ಐದಕ್ಕೇ ಹಿಂದೆ ಬಿದ್ದ ಎನ್ನಲು ಕಾರಣವಿಲ್ಲ. ಆದರೆ ಓರಗೆಯ ಮಕ್ಕಳೊಡನೆ ದಿನವೂ ಆಡುತ್ತಾನೆಯೇ ಎಂದು ಅವರು ಕೇಳಿದರೆ ಅದಕ್ಕೆ ನಿಮ್ಮ ಬಳಿ ಉತ್ತರವಿರಬೇಕು. ಸಭೆಯ ಭಾನುವಾರದ ಶಾಲೆಯೊಂದೇ ಅದಕ್ಕೆ ಸಾಲದು. ಕಾನೂನನ್ನೂ ಇಬ್ಬರೂ ಕೂಡಿ ವಿಚಾರಿಸಿ. ಅಮೆರಿಕದ 50 ರಾಜ್ಯಗಳಲ್ಲೂ ಮನೆಶಾಲೆಗೆ ಅನುಮತಿಯಿದ್ದರೂ ನಿಯಮಗಳು ಬೇರೆಬೇರೆ. ಜರ್ಮನಿಯಲ್ಲಿ ಶಾಲೆಗೆ ಹೋಗುವುದೇ ಕಡ್ಡಾಯ. ಅವನು ಮಾಡಿದ್ದನ್ನು ದಿನಾಂಕ ಹಾಕಿ ಪುಸ್ತಕವೊಂದರಲ್ಲಿ ಬರೆದಿಡಿ, ಆರು ತಿಂಗಳ ಬಳಿಕ ಅದನ್ನು ಮುಂದಿಟ್ಟುಕೊಂಡು ಇಬ್ಬರೂ ತೀರ್ಮಾನಿಸಿ. ಆಗ ಶಾಲೆಯೇ ಸರಿ ಎನಿಸಿದರೆ ಸಂಕೋಚವಿಲ್ಲದೆ ಸೇರಿಸಿ. ಮಲಗುವ ಮುನ್ನದ ಪ್ರಾರ್ಥನೆಯೂ ಕತೆಯೂ ಹೇಗೂ ನಿಮ್ಮ ಕೈಯಲ್ಲೇ ಇರುತ್ತವೆ.

ಸದ್ಯಕ್ಕೆ ಎರಡು ವಾರ ಯಾವ ಪಾಠವೂ ಬೇಡ. ಕುರುಬನನ್ನೂ ಕುರಿಗಳನ್ನೂ ಅವನ ಕೈಗೆಟಕುವ ಕಡೆ ಇಟ್ಟು, ಏನೂ ಹೇಳದೆ ನಿಮ್ಮ ಕೆಲಸ ನೋಡಿಕೊಳ್ಳಿ. ಅವನೇ ಬಂದು ಕತೆ ಕೇಳಿದ ದಿನ ಮತ್ತೆ ಆರಂಭಿಸಿ, ಮತ್ತು ಆ ಮೊದಲ ಕತೆಯನ್ನು ಅವನ ತಂದೆ ಹೇಳಲಿ.